ಬೈಗುಳವಾದ ಹೆಸರು

ಮನೆ ಮುರಿಯುವವನನ್ನು ಶಕುನಿ ಎನ್ನುತ್ತೇವೆ. ಅಲ್ಲಿಯ ಮಾತು ಇಲ್ಲಿಗೆ ತಂದು ಜಗಳ ಹಚ್ಚುವವನು ನಾರದ. ಹೊತ್ತೇರಿದರೂ ಏಳದವನು ಕುಂಭಕರ್ಣ. ಹಿಡಿದ ಕೆಲಸ ಬಿಡದವನದು ಭಗೀರಥ ಪ್ರಯತ್ನ. ವ್ಯಕ್ತಿಯ ಹೆಸರು ಹೀಗೆ ಪದವಾಗುವಾಗ ಭಾಷೆ ಸಾಮಾನ್ಯವಾಗಿ ಒಂದು ನ್ಯಾಯವನ್ನು ಪಾಲಿಸುತ್ತದೆ: ಕೆಲಸ ಮಾಡಿದವನ ಹೆಸರೇ ಆ ಕೆಲಸಕ್ಕೆ ಅಂಟಿಕೊಳ್ಳುತ್ತದೆ. ಪಗಡೆ ಉರುಳಿಸಿದವನು ಶಕುನಿಯೇ, ಗಂಗೆಯನ್ನು ಇಳಿಸಿದವನು ಭಗೀರಥನೇ.

ಈ ನ್ಯಾಯಕ್ಕೆ ಹೊರತಾದ ಒಂದು ಹೆಸರು ಯುರೋಪಿನ ಭಾಷೆಗಳಲ್ಲಿ ನಾಲ್ಕೂವರೆ ಶತಮಾನದಿಂದ ಓಡಾಡುತ್ತಿದೆ. ಇಂಗ್ಲಿಷಿನ ಕೈಹಿಡಿದು ಅದು ನಮ್ಮ ಪತ್ರಿಕೆಗಳ ಅಂಕಣಗಳಿಗೂ ಬಂದಿದೆ. ‘ಮ್ಯಾಕಿಯವೆಲ್ಲಿಯನ್’ ಎಂದರೆ ಕಪಟಿ, ಕುತಂತ್ರಿ, ಅಧಿಕಾರಕ್ಕಾಗಿ ಯಾವ ಮಾತನ್ನೂ ಮುರಿಯಬಲ್ಲವನು. ಈ ಹೆಸರಿನ ಮನುಷ್ಯ ಕಪಟದಿಂದ ಒಂದು ಊರನ್ನೂ ಗೆಲ್ಲಲಿಲ್ಲ. ಕಳೆದುಕೊಂಡ ಕಾರ್ಯದರ್ಶಿ ಹುದ್ದೆಯನ್ನು ಮರಳಿ ಪಡೆಯುವಷ್ಟು ಚಾತುರ್ಯವೂ ಅವನಲ್ಲಿ ಇರಲಿಲ್ಲ. ಕಪಟ ಮಾಡಿ ರಾಜ್ಯ ಕಟ್ಟಿದವರ ಹೆಸರು ಇತಿಹಾಸದ ಪುಟಗಳಲ್ಲಿ ಗೌರವದಿಂದ ಕೂತಿದೆ, ಅವರು ಮಾಡಿದ್ದನ್ನು ಬರೆದಿಟ್ಟವನ ಹೆಸರು ಬೈಗುಳವಾಗಿದೆ. ಹೀಗೆ ಯಾಕಾಯಿತು ಎಂಬುದೇ ಈ ಪದದ ಚರಿತ್ರೆ.

ಮೊದಲು ಹೆಸರಿನ ಬೇರು. ಮ್ಯಾಕಿಯವೆಲ್ಲಿ ಎಂಬುದು ಇಟಲಿಯ ಫ್ಲಾರೆನ್ಸಿನ ಹಳೆಯ ಮನೆತನವೊಂದರ ಹೆಸರು. ‘ಕೆಟ್ಟ ಮೊಳೆಗಳು’ ಎಂಬ ಅರ್ಥದ ‘ಮಾಲಿ ಕ್ಲಾವೆಲ್ಲಿ’ ಎಂಬ ಲ್ಯಾಟಿನ್ ಜೋಡಿಯಿಂದ ಅದು ಬಂತೆಂದು ವಿವರಿಸುತ್ತಾರೆ. ಮನೆತನದ ಲಾಂಛನದಲ್ಲಿ ಶಿಲುಬೆಯ ಜೊತೆಗೆ ಮೊಳೆಗಳೂ ಇವೆ. ಕೇಡು ಹೆಸರಿನಲ್ಲೇ ಹುದುಗಿತ್ತೆಂದು ಆಡಿಕೊಳ್ಳುವವರಿಗೆ ಇದು ಅನುಕೂಲವೇ. ಆದರೆ ಆ ಮೊಳೆಗೂ ಮುಂದೆ ಹುಟ್ಟಿದ ಅರ್ಥಕ್ಕೂ ಸಂಬಂಧವಿಲ್ಲ. ಅರ್ಥ ಹುಟ್ಟಿದ್ದು ಒಂದು ಸಣ್ಣ ಪುಸ್ತಕದಿಂದ, ಅದಕ್ಕಿಂತ ಹೆಚ್ಚಾಗಿ ಆ ಪುಸ್ತಕದ ಶತ್ರುಗಳಿಂದ.

ನಿಕೊಲೊ ಮ್ಯಾಕಿಯವೆಲ್ಲಿ 1469ರಲ್ಲಿ ಹುಟ್ಟಿದ. 1498ರಲ್ಲಿ ಫ್ಲಾರೆನ್ಸ್ ಗಣರಾಜ್ಯದ ಎರಡನೆಯ ಕಚೇರಿಯ ಮುಖ್ಯಸ್ಥನಾದ. ಪತ್ರ ಬರೆಯುವುದು, ಕಡತ ನೋಡುವುದು, ಬೇಕಾದಾಗ ಪರರಾಜ್ಯಕ್ಕೆ ಹೋಗಿ ಅಲ್ಲಿಯ ಸುದ್ದಿ ತಿಳಿಸುವುದು ಅವನ ಕೆಲಸ. ಈ ಕೆಲಸದಲ್ಲಿ ಅವನು ಕಂಡ ದೊಡ್ಡ ಮನುಷ್ಯ ಚೇಸರೆ ಬೋರ್ಜಿಯಾ, ಪೋಪ್ ಆರನೆಯ ಅಲೆಕ್ಸಾಂಡರನ ಮಗ. 1502ರಲ್ಲಿ ಬೋರ್ಜಿಯಾನ ಬಾಡಿಗೆ ದಂಡುಗಳ ನಾಯಕರು ಒಟ್ಟಾಗಿ ಅವನ ವಿರುದ್ಧವೇ ಸಂಚು ಹೂಡಿದರು. ಬೋರ್ಜಿಯಾ ಸಿಟ್ಟು ತೋರಿಸಲಿಲ್ಲ. ರಾಜಿ ಮಾಡಿಕೊಂಡ, ಹಣ ಕೊಟ್ಟ, ಸವಿಮಾತಾಡಿದ, ಡಿಸೆಂಬರ್ 31ರಂದು ಸೆನಿಗಾಲಿಯಾ ಎಂಬ ಕಡಲತಡಿಯ ಊರಿಗೆ ಅವರನ್ನು ಕರೆಸಿಕೊಂಡ. ಅವರು ಬಂದರು, ಸೆರೆಯಾದರು. ಇಬ್ಬರು ನಾಯಕರನ್ನು ಅಂದು ರಾತ್ರಿಯೇ ಕೊರಳು ಬಿಗಿದು ಕೊಲ್ಲಿಸಿದ. ಫ್ಲಾರೆನ್ಸಿನ ಪ್ರತಿನಿಧಿಯಾಗಿ ಮ್ಯಾಕಿಯವೆಲ್ಲಿ ಆಗ ಬೋರ್ಜಿಯಾನ ಬೀಡಿನಲ್ಲೇ ಇದ್ದ. ಈ ಘಟನೆಯನ್ನು ಕುರಿತೇ ಆಮೇಲೆ ಒಂದು ಪುಟ್ಟ ಬರಹ ಬರೆದ.

ಅಂದು ಸತ್ತ ಇಬ್ಬರಲ್ಲಿ ಒಬ್ಬ ಓಲಿವೆರೊತ್ತೊ. ಅವನ ಕಥೆಯೂ ಬೇರೆಯಲ್ಲ. ತಂದೆಯಿಲ್ಲದ ತನ್ನನ್ನು ಸಾಕಿದ ಸೋದರಮಾವನನ್ನೂ ಫೆರ್ಮೊ ನಗರದ ಹಿರಿಯರನ್ನೂ ಔತಣಕ್ಕೆ ಕರೆದು, ಊಟ ಮುಗಿದ ಮೇಲೆ ಒಳಕೋಣೆಗೆ ಒಯ್ದು ಕೊಲ್ಲಿಸಿ ಆ ನಗರದ ಒಡೆಯನಾದವನು ಅವನು. ಅದಾಗಿ ಒಂದು ವರ್ಷಕ್ಕೆ ತಾನೇ ಬೋರ್ಜಿಯಾನ ಬಲೆಗೆ ಬಿದ್ದ. ಬೋರ್ಜಿಯಾನದೂ ಬಹಳ ಕಾಲ ನಡೆಯಲಿಲ್ಲ. 1503ರಲ್ಲಿ ತಂದೆ ತೀರಿಕೊಂಡಾಗ, ತನ್ನ ಮನೆತನದ ಹಳೆಯ ವೈರಿಯ ಮಾತು ನಂಬಿ ಆ ವೈರಿಯೇ ಪೋಪ್ ಆಗಲು ನೆರವಾದ. ಹೊಸ ಪೋಪ್ ಎರಡನೆಯ ಜೂಲಿಯಸ್ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಮೋಸ ಮಾಡಿದವನಿಗೆ ಮೋಸ ಮಾಡುವವನು ಇನ್ನೊಬ್ಬ ಇದ್ದೇ ಇರುತ್ತಾನೆ ಎಂಬುದನ್ನು ಮ್ಯಾಕಿಯವೆಲ್ಲಿ ಯಾವ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ.

1512ರಲ್ಲಿ ಗಣರಾಜ್ಯ ಬಿದ್ದು ಮೆದಿಚಿ ಮನೆತನ ಫ್ಲಾರೆನ್ಸಿಗೆ ಮರಳಿತು. ಮ್ಯಾಕಿಯವೆಲ್ಲಿಯ ಕೆಲಸ ಹೋಯಿತು. 1513ರ ಆರಂಭದಲ್ಲಿ ಒಂದು ಸಂಚಿನ ಸಂಶಯದ ಮೇಲೆ ಅವನನ್ನು ಹಿಡಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಗ್ಗದಿಂದ ಮೇಲೆತ್ತಿ ಕೆಳಕ್ಕೆ ಬಿಡುವ ಚಿತ್ರಹಿಂಸೆ ಕೊಟ್ಟರು. ಮೆದಿಚಿ ಮನೆತನದವನೇ ಪೋಪ್ ಆದ ಸಂಭ್ರಮದಲ್ಲಿ ಬಿಡುಗಡೆ ಸಿಕ್ಕಿತು. ಊರಾಚೆಯ ತನ್ನ ಜಮೀನಿನ ಮನೆಯಲ್ಲಿ ಕೂತು ಆ ವರ್ಷವೇ ‘ಪ್ರಿನ್ಸ್’ ಎಂದು ಜಗತ್ತು ಕರೆಯುವ ಪುಸ್ತಕವನ್ನು ಬರೆದ. ತನ್ನನ್ನು ಹಿಂಸಿಸಿದ ಮನೆತನದ ಲೊರೆಂಜೊಗೇ ಅದನ್ನು ಅರ್ಪಿಸಿದ. ಕೆಲಸ ಸಿಗಲಿ ಎಂಬ ಆಸೆಯನ್ನು ಅರ್ಪಣೆಯಲ್ಲಿ ಮುಚ್ಚಿಡಲೂ ಇಲ್ಲ. ಹಳೆಯ ಕೆಲಸ ಸಿಗಲಿಲ್ಲ. ಕೊನೆಗಾಲದಲ್ಲಿ ಮೆದಿಚಿಗಳು ಅವನಿಗೆ ಚಿಕ್ಕಪುಟ್ಟ ಹೊಣೆ ಒಪ್ಪಿಸಿದರು. ಅಷ್ಟರಲ್ಲಿ, 1527ರಲ್ಲಿ, ಅವರೇ ಉರುಳಿ ಗಣರಾಜ್ಯ ಮತ್ತೆ ಬಂತು. ಮೆದಿಚಿಗಳ ಕೆಲಸ ಮಾಡಿದ್ದಾನೆಂದು ಗಣರಾಜ್ಯವೂ ಅವನನ್ನು ಕರೆಯಲಿಲ್ಲ. ಆ ಜೂನ್ ತಿಂಗಳಲ್ಲೇ ಅವನು ತೀರಿಕೊಂಡ.

ಈಗ ಪುಸ್ತಕದೊಳಗಿನ ಪದಗಳಿಗೆ ಬರೋಣ. ಅವನ ಹೆಸರಿಗೆ ಆಮೇಲೆ ಅಂಟಿದ ಅರ್ಥ ಪುಸ್ತಕದಲ್ಲಿ ಯಾವ ಜಾಗದಲ್ಲಿದೆ ಎಂದು ನೋಡಿದರೆ, ಅದು ಮೂಲೆಯಲ್ಲಿದೆ. ನಡುಮನೆಯಲ್ಲಿರುವ ಪದ ‘ವಿರ್ತು’. ಲ್ಯಾಟಿನ್ನಿನ ‘ವಿರ್’ ಎಂದರೆ ಗಂಡಸು. ಅದರಿಂದ ಹುಟ್ಟಿದ ‘ವಿರ್ತುಸ್’ ಮೊದಲಿಗೆ ಪೌರುಷ, ಕೆಚ್ಚು. ಕ್ರೈಸ್ತ ಗುರುಗಳ ಕೈಯಲ್ಲಿ ಅದು ಸದ್ಗುಣವಾಯಿತು. ಮ್ಯಾಕಿಯವೆಲ್ಲಿ ಅದನ್ನು ಮತ್ತೆ ಹಿಂದಕ್ಕೆ ಎಳೆದ. ಅವನಲ್ಲಿ ವಿರ್ತು ಎಂದರೆ ಕಾಲ ನೋಡಿ ನಡೆಯುವ ಕಸುವು, ಅದೃಷ್ಟ ಎಳೆದತ್ತ ಹೋಗದೆ ಅದನ್ನೇ ತನ್ನತ್ತ ತಿರುಗಿಸಿಕೊಳ್ಳುವ ಶಕ್ತಿ. ಕಪಟ ಈ ಕಸುವಿನ ಒಂದು ಅಂಗ ಮಾತ್ರ. ಎಂಟನೆಯ ಅಧ್ಯಾಯದಲ್ಲಿ ಸಿಸಿಲಿಯ ಹಳೆಯ ಸರ್ವಾಧಿಕಾರಿ ಅಗಾಥೊಕ್ಲಿಸನ ಮಾತು ಬಂದಾಗ ಅವನು ಗೆರೆ ಎಳೆಯುತ್ತಾನೆ: ಊರವರನ್ನು ಕೊಂದು, ಗೆಳೆಯರಿಗೆ ದ್ರೋಹ ಬಗೆದು, ಕರುಣೆಯೂ ಧರ್ಮವೂ ಇಲ್ಲದೆ ನಡೆದವನಿಗೆ ಅಧಿಕಾರ ಸಿಕ್ಕೀತು, ಕೀರ್ತಿ ಸಿಗದು, ಅಂಥದ್ದಕ್ಕೆ ವಿರ್ತು ಎನ್ನಲಾಗದು. ಓಲಿವೆರೊತ್ತೊನ ಕಥೆಯನ್ನು ಅವನು ಹೇಳುವುದೂ ಇದೇ ಅಧ್ಯಾಯದಲ್ಲಿ.

ಕಪಟದ ಮಾತು ಮುಖ್ಯವಾಗಿ ಬರುವುದು ಹದಿನೆಂಟನೆಯ ಅಧ್ಯಾಯದಲ್ಲಿ. ಅರಸನಾದವನು ಸಿಂಹವೂ ಆಗಿರಬೇಕು, ನರಿಯೂ ಆಗಿರಬೇಕು. ಸಿಂಹಕ್ಕೆ ಬಲೆ ಕಾಣಿಸುವುದಿಲ್ಲ, ನರಿಗೆ ತೋಳವನ್ನು ಎದುರಿಸುವ ಬಲವಿಲ್ಲ. ನರಿಗೆ ಅವನು ಬಳಸಿದ್ದು ತನ್ನ ಸೀಮೆಯ ಆಡುಮಾತಿನ ‘ಗೋಲ್ಪೆ’ ಎಂಬ ಪದ. ಈ ಎರಡು ಮೃಗಗಳನ್ನು ಅವನು ಹೊಸದಾಗಿ ತಂದವನಲ್ಲ. ಕ್ರಿಸ್ತಪೂರ್ವ 44ರಲ್ಲಿ ಸಿಸೆರೊ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಬಲಾತ್ಕಾರ ಸಿಂಹದ್ದು, ವಂಚನೆ ನರಿಯದು, ಎರಡೂ ಮನುಷ್ಯನಿಗೆ ಸಲ್ಲವು, ವಂಚನೆಯಂತೂ ಇನ್ನೂ ಹೇಯ ಎಂದಿದ್ದ. ದಾಂತೆ ತನ್ನ ನರಕದ ಕಾಂಡದಲ್ಲಿ ಒಬ್ಬ ಸೇನಾಪತಿಯನ್ನು ನಿಲ್ಲಿಸಿ, ತನ್ನ ಕೆಲಸಗಳೆಲ್ಲ ಸಿಂಹದ್ದಲ್ಲ, ನರಿಯದು ಎಂದು ಅವನ ಬಾಯಿಂದಲೇ ಒಪ್ಪಿಸಿ ಬೆಂಕಿಯಲ್ಲಿ ಉರಿಸಿದ್ದ. ಸಿಸೆರೊ ಹೊರಗೆ ಹಾಕಿದ, ದಾಂತೆ ನರಕಕ್ಕೆ ಕಳಿಸಿದ ಪ್ರಾಣಿಯನ್ನು ಮ್ಯಾಕಿಯವೆಲ್ಲಿ ಅರಮನೆಗೆ ಕರೆತಂದ. ಪುನರುಜ್ಜೀವನ ಕಾಲದ ಓದುಗ ಬೆಚ್ಚಿದ್ದು ಇಲ್ಲಿ. ಸಿಸೆರೊನನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಈ ತಿರುವು ತಟ್ಟನೆ ತಿಳಿಯುತ್ತಿತ್ತು.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ನರಿತನ ಬಲ್ಲವನು ಅದನ್ನು ಮುಚ್ಚಿಕೊಳ್ಳಲೂ ಬಲ್ಲವನಾಗಿರಬೇಕು. ದಯೆ, ನಿಷ್ಠೆ, ಧರ್ಮಶ್ರದ್ಧೆ ಇವೆಲ್ಲ ಇವೆಯೆಂದು ತೋರಬೇಕು. ಅರಸ ಹೇಗೆ ಕಾಣುತ್ತಾನೆ ಎಂಬುದು ಎಲ್ಲರಿಗೂ ತಿಳಿಯುತ್ತದೆ, ಅವನು ನಿಜವಾಗಿ ಏನೆಂಬುದು ಕೆಲವರ ಅನುಭವಕ್ಕೆ ಮಾತ್ರ ಬರುತ್ತದೆ. ಅಧ್ಯಾಯದ ಕೊನೆಯಲ್ಲಿ, ಹೆಸರು ಹೇಳುವುದು ಒಳ್ಳೆಯದಲ್ಲ ಎಂದು ಹೇಳಿಯೇ, ತನ್ನ ಕಾಲದ ಒಬ್ಬ ದೊರೆಯನ್ನು ಅವನು ಉದಾಹರಿಸುತ್ತಾನೆ: ಬಾಯಲ್ಲಿ ಸದಾ ಶಾಂತಿ ಮತ್ತು ನಂಬಿಕೆಯ ಉಪದೇಶ, ನಡತೆಯಲ್ಲಿ ಎರಡಕ್ಕೂ ವೈರಿ. ಆ ದೊರೆ ಸ್ಪೇನಿನ ಫರ್ಡಿನೆಂಡ್ ಎಂಬುದರಲ್ಲಿ ವಿದ್ವಾಂಸರಿಗೆ ಅನುಮಾನವಿಲ್ಲ. ಇತಿಹಾಸದಲ್ಲಿ ಅವನಿಗೆ ಉಳಿದ ಬಿರುದು ‘ಕ್ಯಾಥೊಲಿಕ್ ದೊರೆ’. ನರಿತನದ ಪರಮ ಉದಾಹರಣೆಗೆ ಧರ್ಮನಿಷ್ಠನ ಬಿರುದು, ಉದಾಹರಣೆ ಕೊಟ್ಟವನಿಗೆ ಕಪಟಿಯ ಪಟ್ಟ. ಪದದ ಚರಿತ್ರೆಯೆಲ್ಲ ಈ ಒಂದು ಅದಲುಬದಲಿನಲ್ಲಿದೆ.

ಗುರಿ ಒಳ್ಳೆಯದಾದರೆ ದಾರಿ ಹೇಗಿದ್ದರೂ ಸರಿ ಎಂಬ ವಾಕ್ಯವನ್ನು ಅವನ ತಲೆಗೆ ಕಟ್ಟುವ ವಾಡಿಕೆಯಿದೆ. ಆ ವಾಕ್ಯ ಅವನ ಪುಸ್ತಕದಲ್ಲಿಲ್ಲ. ಮೇಲೆ ನ್ಯಾಯಾಲಯವಿಲ್ಲದ ಅರಸರ ಕೆಲಸಗಳಲ್ಲಿ ಜನ ಕೊನೆಗೆ ಫಲ ಏನಾಯಿತೆಂದು ನೋಡುತ್ತಾರೆ ಎಂದಷ್ಟೇ ಅವನು ಬರೆದದ್ದು. ಅದು ಜನರ ಸ್ವಭಾವದ ಮಾತು. ಅದನ್ನೇ ನೀತಿಸೂತ್ರ ಮಾಡಿ ಅವನ ಬಾಯಿಗೆ ಹಾಕಿದವರು ಬೇರೆಯವರು.

ಅವನು ಬದುಕಿದ್ದಾಗ ಈ ಪುಸ್ತಕ ಅಚ್ಚಾಗಲಿಲ್ಲ, ಕೈಬರಹದ ಪ್ರತಿಗಳಲ್ಲಿ ಓಡಾಡಿತು. 1532ರಲ್ಲಿ ರೋಮಿನಲ್ಲಿ ಅಚ್ಚಾದದ್ದು ಪೋಪನ ಅನುಮತಿಯಿಂದಲೇ. ಏಳೆಂಟು ವರ್ಷದೊಳಗೆ ಇಂಗ್ಲೆಂಡಿನ ರೆಜಿನಾಲ್ಡ್ ಪೋಲ್ ಎಂಬ ಕಾರ್ಡಿನಲ್, ಇದನ್ನು ಬರೆದದ್ದು ಸೈತಾನನ ಕೈ ಎಂದು ಬರೆದ. 1559ರಲ್ಲಿ ಚರ್ಚಿನ ನಿಷಿದ್ಧ ಗ್ರಂಥಗಳ ಪಟ್ಟಿಗೆ ಮ್ಯಾಕಿಯವೆಲ್ಲಿಯ ಎಲ್ಲ ಬರಹಗಳೂ ಸೇರಿದವು. ಅನುಮತಿ ಕೊಟ್ಟ ಪೀಠವೇ ನಿಷೇಧ ಹೇರಲು ಹಿಡಿದದ್ದು 27 ವರ್ಷ.

ಆದರೂ ಹೆಸರು ಪದವಾಗಲು ನಿಷೇಧ ಸಾಲದು, ಒಂದು ಹತ್ಯಾಕಾಂಡ ಬೇಕಾಯಿತು. 1572ರ ಆಗಸ್ಟ್ 24ರಂದು, ಸಂತ ಬಾರ್ತಲೊಮ್ಯೂ ಹಬ್ಬದ ದಿನ, ಪ್ಯಾರಿಸ್ಸಿನಲ್ಲಿ ಪ್ರಾಟೆಸ್ಟೆಂಟರ ಕೊಲೆ ಶುರುವಾಗಿ ಇತರ ಊರುಗಳಿಗೂ ಹಬ್ಬಿತು. ಅರಸನ ತಾಯಿ ಕ್ಯಾಥರೀನ್ ದೆ ಮೆದಿಚಿಯ ಮೇಲೆ ಪ್ರಾಟೆಸ್ಟೆಂಟರ ಸಿಟ್ಟು ತಿರುಗಿತು. ಅವಳು ಫ್ಲಾರೆನ್ಸಿನವಳು, ಅದರಲ್ಲೂ ‘ಪ್ರಿನ್ಸ್’ ಪುಸ್ತಕವನ್ನು ಯಾವ ಲೊರೆಂಜೊಗೆ ಅರ್ಪಿಸಲಾಗಿತ್ತೋ ಅವನ ಮಗಳು. ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷಿ ಆರೋಪ ಮಾಡುವವರಿಗೆ ಸಿಗುವುದುಂಟೇ? 1576ರಲ್ಲಿ ಇನೊಸಾಂ ಜಾಂತಿಯೆ ಎಂಬ ಪ್ರಾಟೆಸ್ಟೆಂಟ್ ವಕೀಲ ಮ್ಯಾಕಿಯವೆಲ್ಲಿಯ ವಿರುದ್ಧ ದೊಡ್ಡದೊಂದು ಗ್ರಂಥ ಬರೆದ. ಮ್ಯಾಕಿಯವೆಲ್ಲಿಯ ಬರಹಗಳಿಂದ ಐವತ್ತು ಸೂತ್ರಗಳನ್ನು ಕಿತ್ತು, ಸಾಲಾಗಿ ಜೋಡಿಸಿ, ಒಂದೊಂದನ್ನೇ ಖಂಡಿಸಿದ. ಕಿತ್ತ ಸೂತ್ರಕ್ಕೆ ಹಿಂದುಮುಂದಿನ ಮಾತು ಇರುವುದಿಲ್ಲ. ಅಗಾಥೊಕ್ಲಿಸನ ಬಳಿ ಎಳೆದ ಗೆರೆಯೂ ವಿರ್ತು ಎಂಬ ಪದದ ಭಾರವೂ ಹೀಗೆ ಕಳಚಿಹೋಗಿ, ನರಿಯೊಂದೇ ಉಳಿಯಿತು. ಕ್ಯಾಥೊಲಿಕರ ಪಟ್ಟಿಯಲ್ಲಿ ನಿಷಿದ್ಧನಾದವನು ಪ್ರಾಟೆಸ್ಟೆಂಟರ ಲೇಖನಿಯಲ್ಲಿ ಕ್ಯಾಥೊಲಿಕರ ಗುರುವಾದ. ಇನ್ನೊಂದು ಕಡೆ ಕ್ಯಾಥೊಲಿಕರು ಅದೇ ಹೆಸರನ್ನು ಪ್ರಾಟೆಸ್ಟೆಂಟ್ ದೊರೆಗಳ ಮೇಲೆ ಎಸೆಯುತ್ತಿದ್ದರು. ಬೈಗುಳಕ್ಕೆ ಪಕ್ಷವಿಲ್ಲ.

ಇಂಗ್ಲೆಂಡಿನಲ್ಲಿ ಪದ ಪುಸ್ತಕಕ್ಕಿಂತ ಮುಂದೆ ಓಡಿತು. ‘ಪ್ರಿನ್ಸ್’ ಇಂಗ್ಲಿಷಿನಲ್ಲಿ ಮೊದಲು ಅಚ್ಚಾದದ್ದು 1640ರಲ್ಲಿ. ಕಳ್ಳದಾರಿಯಲ್ಲಿ ಓದುವವರು ಅದಕ್ಕೂ ಮೊದಲೇ ಇದ್ದರು. 1584ರಲ್ಲಿ ಜಾನ್ ವುಲ್ಫ್ ಎಂಬ ಮುದ್ರಕ ಲಂಡನ್ನಿನಲ್ಲೇ ಇಟಾಲಿಯನ್ ಪ್ರತಿ ಅಚ್ಚುಮಾಡಿ, ಮುದ್ರಣವಾದ ಊರು ಸಿಸಿಲಿಯ ಪಲೆರ್ಮೊ ಎಂದು ಸುಳ್ಳು ಹಾಕಿದ. ಮ್ಯಾಕಿಯವೆಲ್ಲಿಯನ್ನು ಕಪಟವಿಲ್ಲದೆ ಮಾರುವಂತಿರಲಿಲ್ಲ. ಆದರೆ ನಾಟಕ ನೋಡಲು ನೆರೆಯುತ್ತಿದ್ದ ಜನ ಪುಸ್ತಕ ಮುಟ್ಟಿದವರಲ್ಲ. ಅವರಿಗೆ ಆ ಹೆಸರು ಸಿಕ್ಕಿದ್ದು ರಂಗದ ಮೇಲೆ. 1590ರ ಆಸುಪಾಸಿನಲ್ಲಿ ಕ್ರಿಸ್ಟೊಫರ್ ಮಾರ್ಲೊ ತನ್ನ ‘ಮಾಲ್ಟಾದ ಯಹೂದಿ’ ನಾಟಕದ ಪೀಠಿಕೆಯನ್ನು ‘ಮ್ಯಾಕಿಯವೆಲ್’ ಎಂಬ ಪಾತ್ರದ ಬಾಯಿಂದಲೇ ಆಡಿಸಿದ. ಸತ್ತು ಆರು ದಶಕ ಕಳೆದವನು ಫ್ರಾನ್ಸಿನಲ್ಲಿ ಕೆಲಸ ಮುಗಿಸಿ ಈಗ ಇಂಗ್ಲೆಂಡಿಗೆ ಬಂದಿದ್ದೇನೆಂದು ಜನರೆದುರು ನಿಂತ. ಶೇಕ್ಸ್‌ಪಿಯರ್ ಆರನೆಯ ಹೆನ್ರಿಯ ನಾಟಕದ ಮೂರನೆಯ ಭಾಗದಲ್ಲಿ, ಮುಂದೆ ಮೂರನೆಯ ರಿಚರ್ಡ್ ಆಗಲಿರುವವನ ಬಾಯಲ್ಲಿ, ಕೊಲೆಗಡುಕ ಮ್ಯಾಕಿಯವೆಲ್ಲನಿಗೇ ತಾನು ಪಾಠ ಹೇಳಬಲ್ಲೆ ಎಂಬರ್ಥದ ಮಾತು ಆಡಿಸಿದ. ಆ ದೃಶ್ಯದ ಚಾರಿತ್ರಿಕ ಕಾಲ 1460ರ ದಶಕದ ನಡುಭಾಗ. ಮ್ಯಾಕಿಯವೆಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ. ಇದನ್ನು ನಾಟಕಕಾರನ ತಪ್ಪೆಂದು ಎಣಿಸುವುದಕ್ಕಿಂತ, ಹೆಸರು ಪೂರ್ತಿ ಪದವಾಗಿದ್ದಕ್ಕೆ ಪುರಾವೆ ಎನ್ನುವುದು ಸರಿ. ಪದಕ್ಕೆ ಹುಟ್ಟಿದ ತಾರೀಖು ಬೇಕಿಲ್ಲ.

ಕೊನೆಗೆ ಮನೆತನದ ಹೆಸರು ಮಾತ್ರವಲ್ಲ, ಅವನ ಸ್ವಂತ ಹೆಸರೂ ಕೆಟ್ಟಿತು. ಇಂಗ್ಲಿಷಿನಲ್ಲಿ ಸೈತಾನನಿಗೆ ‘ಓಲ್ಡ್ ನಿಕ್’ ಎಂಬ ಅಡ್ಡಹೆಸರಿದೆ. ಅದು ನಿಕೊಲೊನಿಂದ ಬಂತೆಂದು ಜನ ನಂಬಿದರು. ಮೆಕಾಲೆ 1827ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಈ ಮನುಷ್ಯನ ಮನೆತನದ ಹೆಸರಿನಿಂದ ಲಫಂಗನಿಗೊಂದು ವಿಶೇಷಣವನ್ನೂ ಸ್ವಂತ ಹೆಸರಿನಿಂದ ಸೈತಾನನಿಗೊಂದು ಪರ್ಯಾಯವನ್ನೂ ಮಾಡಿಕೊಂಡಿದ್ದೇವೆ ಎಂದು ತಮಾಷೆ ಮಾಡಿದ. ‘ನಿಕ್’ ವಿಚಾರದಲ್ಲಿ ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಆದರೆ ತಪ್ಪು ವ್ಯುತ್ಪತ್ತಿಗೂ ಒಂದು ಬೆಲೆಯಿದೆ: ಪದದ ನಿಜವಾದ ಮೂಲ ಅದರಿಂದ ತಿಳಿಯದಿದ್ದರೂ ಜನರ ಮನಸ್ಸು ತಿಳಿಯುತ್ತದೆ.

ಹೆಸರು ಇಷ್ಟು ಕೆಟ್ಟ ಮೇಲೆ ವಿಚಾರ ಏನಾಯಿತು? ಅದು ಬೇರೆ ಹೆಸರಿನಲ್ಲಿ ಬದುಕಿತು. 1589ರಲ್ಲಿ ಜೊವಾನ್ನಿ ಬೊತೆರೊ ಎಂಬ ಪಾದ್ರಿ ಮ್ಯಾಕಿಯವೆಲ್ಲಿಯನ್ನು ಹಳಿಯುತ್ತಲೇ ‘ರಾಜ್ಯದ ತರ್ಕ’ ಎಂಬ ಅರ್ಥದ ‘ರಜೋನ್ ದಿ ಸ್ತಾತೊ’ವನ್ನು ಗ್ರಂಥದ ಹೆಸರಾಗಿ ಇಟ್ಟ. ಆ ಮೇಲೆ ಯುರೋಪಿನ ಮಂತ್ರಿಗಳು ಒಪ್ಪಂದ ಮುರಿಯುವಾಗ ಮ್ಯಾಕಿಯವೆಲ್ಲಿಯ ಹೆಸರೆತ್ತಬೇಕಾಗಿರಲಿಲ್ಲ, ರಾಜ್ಯದ ತರ್ಕ ಎಂದರೆ ಸಾಕಾಗಿತ್ತು. ಇನ್ನು ಕೆಲವರು ರೋಮಿನ ಇತಿಹಾಸಕಾರ ಟ್ಯಾಸಿಟಸನ ಮೇಲೆ ಟೀಕೆ ಬರೆಯುವ ನೆಪದಲ್ಲಿ ಇದೇ ಮಾತುಗಳನ್ನು ಆಡಿದರು. ನಿಷಿದ್ಧ ಪಟ್ಟಿಯಲ್ಲಿ ಟ್ಯಾಸಿಟಸ್ ಇರಲಿಲ್ಲ. ಒಂದೇ ವಿಚಾರಕ್ಕೆ ಎರಡು ಹೆಸರು ಸಿಕ್ಕಿತು, ನಾವು ಮಾಡಿದರೆ ರಾಜ್ಯದ ತರ್ಕ, ಅವರು ಮಾಡಿದರೆ ಮ್ಯಾಕಿಯವೆಲ್ಲಿತನ.

ಈ ನಡುವೆ ಹೆಸರಿಗಾದ ಅನ್ಯಾಯವನ್ನು ಗುರುತಿಸಿದವರೂ ಇದ್ದರು. ಇಟಲಿಯಿಂದ ಇಂಗ್ಲೆಂಡಿಗೆ ಓಡಿಬಂದ ನ್ಯಾಯಶಾಸ್ತ್ರಜ್ಞ ಆಲ್ಬೆರಿಕೊ ಜೆಂತಿಲಿ 1585ರಲ್ಲೇ, ಮ್ಯಾಕಿಯವೆಲ್ಲಿ ದಬ್ಬಾಳಿಕೆಗಾರನಿಗೆ ಪಾಠ ಹೇಳಲಿಲ್ಲ, ಅವನ ಗುಟ್ಟುಗಳನ್ನು ನೊಂದ ಜನರ ಮುಂದೆ ಬಯಲುಮಾಡಿದ ಎಂದು ವಾದಿಸಿದ. 1605ರಲ್ಲಿ ಫ್ರಾನ್ಸಿಸ್ ಬೇಕನ್, ಜನ ಏನು ಮಾಡಬೇಕು ಎನ್ನುವುದನ್ನು ಬಿಟ್ಟು ಏನು ಮಾಡುತ್ತಾರೆ ಎಂದು ಬರೆದದ್ದಕ್ಕಾಗಿ ನಾವು ಅವನಿಗೆ ಋಣಿಗಳು ಎಂದ. 1762ರಲ್ಲಿ ರೂಸೊ, ಅರಸರಿಗೆ ಕಲಿಸುವಂತೆ ನಟಿಸಿ ಅವನು ಕಲಿಸಿದ್ದು ಪ್ರಜೆಗಳಿಗೆ ಎಂದು ಬರೆದ. ಇಪ್ಪತ್ತನೆಯ ಶತಮಾನದಲ್ಲಿ ಮುಸೊಲಿನಿಯ ಸೆರೆಮನೆಯಲ್ಲಿ ಕೂತು ಆಂಟೋನಿಯೊ ಗ್ರಾಮ್ಶಿ ಇದೇ ಪ್ರಶ್ನೆಯನ್ನು ಇನ್ನೂ ಹರಿತವಾಗಿ ಕೇಳಿದ. ಅಧಿಕಾರದ ಮನೆಯಲ್ಲಿ ಹುಟ್ಟಿದವರಿಗೆ ಇದೆಲ್ಲ ಹುಟ್ಟಿನಿಂದಲೇ ಗೊತ್ತು, ಹಾಗಾದರೆ ಪುಸ್ತಕ ಯಾರಿಗಾಗಿ? ಗೊತ್ತಿಲ್ಲದವರಿಗಾಗಿ ಎಂಬುದು ಅವನ ಉತ್ತರ. ಸೆರೆಯಲ್ಲಿ ಅವನು ಇದನ್ನು ಬರೆಯುವ ಹೊತ್ತಿಗೆ, ಅವನನ್ನು ಸೆರೆಗೆ ತಳ್ಳಿದ ಮುಸೊಲಿನಿ 1924ರಲ್ಲೇ ಮ್ಯಾಕಿಯವೆಲ್ಲಿಯ ಮೇಲೆ ತನ್ನದೊಂದು ಪೀಠಿಕೆ ಬರೆದು ಮುಗಿಸಿದ್ದ.

ಇವರೆಲ್ಲರ ವಾದಕ್ಕಿಂತ ಒಬ್ಬ ದೊರೆಯ ನಡತೆ ಹೆಚ್ಚು ಸ್ಪಷ್ಟ. ಪ್ರಷ್ಯಾದ ಯುವರಾಜ ಫ್ರೆಡರಿಕ್ ‘ಮ್ಯಾಕಿಯವೆಲ್ಲಿ ವಿರೋಧ’ ಎಂಬ ಅರ್ಥದ ಹೆಸರಿನಲ್ಲಿ ಒಂದು ಗ್ರಂಥ ಬರೆದ. ಅಧ್ಯಾಯಕ್ಕೆ ಅಧ್ಯಾಯ ಇಟ್ಟು ಖಂಡನೆ. ವೋಲ್ಟೇರ್ ಅದನ್ನು ತಿದ್ದಿ 1740ರಲ್ಲಿ ಪ್ರಕಟಿಸಿದ. ಅದೇ ವರ್ಷ ಫ್ರೆಡರಿಕ್ ಪಟ್ಟಕ್ಕೆ ಬಂದ. ಅದೇ ವರ್ಷದ ಡಿಸೆಂಬರಿನಲ್ಲಿ ನೆರೆಯ ಆಸ್ಟ್ರಿಯಾದ ಸಿಲೇಸಿಯಾ ಪ್ರಾಂತ್ಯದ ಮೇಲೆ ಏಕಾಏಕಿ ನುಗ್ಗಿ ವಶಪಡಿಸಿಕೊಂಡ. ಮ್ಯಾಕಿಯವೆಲ್ಲಿಗೆ ಒಬ್ಬ ರಾಜಶಿಷ್ಯ ಸಿಕ್ಕಿದ್ದರೆ ತನ್ನ ವಿರುದ್ಧ ಪುಸ್ತಕ ಬರೆಯೆಂದೇ ಮೊದಲು ಹೇಳಿಕೊಡುತ್ತಿದ್ದ ಎಂದು ವೋಲ್ಟೇರ್ ಆಮೇಲೆ ಕೊಂಕಾಡಿದ. ಇತಿಹಾಸ ಈ ಶಿಷ್ಯನನ್ನು ‘ಮಹಾನ್ ಫ್ರೆಡರಿಕ್’ ಎಂದು ಕರೆಯಿತು.

ವಿದ್ವಾಂಸರು ಕೊನೆಗೆ ಭಾಷೆಯಲ್ಲೇ ಒಂದು ತಿದ್ದುಪಡಿಗೆ ಕೈಹಾಕಿದರು. ಇಟಾಲಿಯನ್ನಿನಲ್ಲಿ ಈಗ ಎರಡು ವಿಶೇಷಣಗಳಿವೆ. ‘ಮಾಕಿಯಾವೆಲ್ಲಿಕೊ’ ಎಂದರೆ ಕುತಂತ್ರಿ, ‘ಮಾಕಿಯಾವೆಲ್ಲಿಯಾನೊ’ ಎಂದರೆ ಮ್ಯಾಕಿಯವೆಲ್ಲಿಗೆ ಸಂಬಂಧಿಸಿದ್ದು, ಅಷ್ಟೇ. ಫ್ರೆಂಚಿನಲ್ಲೂ ಇಂಥದೇ ಜೋಡಿ ಇದೆ. ಇಂಗ್ಲಿಷಿಗೆ ಈ ಎರಡನೆಯ ಪದ ಒದಗಲಿಲ್ಲ, ಅದರ ಮೂಲಕ ಪಡೆದ ನಮಗೂ ಒದಗಲಿಲ್ಲ. ಅವನ ಚಿಂತನೆ ಎನ್ನಲು ಹೊರಟರೂ ಕನ್ನಡದ ಕಿವಿಗೆ ಕುತಂತ್ರವೇ ಕೇಳುತ್ತದೆ.

ಈ ಪದದ ಪಯಣದಲ್ಲಿ ಮೈಸೂರಿಗೂ ಒಂದು ಪಾಲಿದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಪ್ರತಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ ಬೆಳಕಿಗೆ ತಂದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಸಂಸ್ಕೃತ ಮೂಲ, 1915ರಲ್ಲಿ ಪೂರ್ಣ ಇಂಗ್ಲಿಷ್ ಅನುವಾದ ಅಚ್ಚಾದವು. ನಾಲ್ಕು ವರ್ಷದ ಬಳಿಕ, 1919ರ ಜನವರಿಯಲ್ಲಿ, ಜರ್ಮನಿಯ ಮ್ಯೂನಿಕ್ಕಿನಲ್ಲಿ ಮ್ಯಾಕ್ಸ್ ವೇಬರ್ ರಾಜಕಾರಣದ ವೃತ್ತಿಯನ್ನು ಕುರಿತು ಭಾಷಣ ಮಾಡಿದ. ಜನ ಬಳಸುವ ಅರ್ಥದ ನಿಜವಾದ ‘ಮ್ಯಾಕಿಯವೆಲ್ಲಿತನ’ ಬೇಕಿದ್ದರೆ ಅರ್ಥಶಾಸ್ತ್ರ ನೋಡಿ, ಅದರ ಮುಂದೆ ‘ಪ್ರಿನ್ಸ್’ ಪಾಪದ ಪುಸ್ತಕ ಎಂಬುದು ಅವನ ಮಾತಿನ ಸಾರ. ಹಾಗೆ ಅನ್ನಿಸಲು ಕಾರಣವಿತ್ತು. ಕೌಟಿಲ್ಯನ ಗೂಢಚಾರರ ವ್ಯವಸ್ಥೆಯಲ್ಲಿ ‘ಕಾಪಟಿಕ’ ಎಂಬುದೇ ಒಂದು ಹುದ್ದೆ, ಶಿಷ್ಯನ ವೇಷದ ಬೇಹುಗಾರ. ತಾಪಸನ ವೇಷದವನು ಬೇರೆ, ವ್ಯಾಪಾರಿಯ ವೇಷದವನು ಬೇರೆ. ಮ್ಯಾಕಿಯವೆಲ್ಲಿಯಲ್ಲಿ ಕಪಟ ಅರಸನ ಸ್ವಂತ ಜಾಣ್ಮೆ. ಇಲ್ಲಿ ಅದು ಸಂಬಳದ ಇಲಾಖೆ.

ಹಾಗಿದ್ದರೂ ಕೌಟಿಲ್ಯನ ಹೆಸರು ನಮ್ಮಲ್ಲಿ ಬೈಗುಳವಾಗಲಿಲ್ಲ. ‘ಕುಟಿಲ’ದಿಂದ ಆ ಹೆಸರು ಬಂತೆಂದು ಒಂದು ಪಕ್ಷ, ಕುಟಲ ಎಂಬ ಗೋತ್ರದಿಂದ ಬಂತೆಂದು ಇನ್ನೊಂದು ಪಕ್ಷ. ಅವನ ಇನ್ನೊಂದು ಹೆಸರಾದ ಚಾಣಕ್ಯ ಕನ್ನಡದಲ್ಲಿ ಹೊಗಳಿಕೆ. ಚುನಾವಣೆ ಗೆಲ್ಲಿಸಿಕೊಟ್ಟವನನ್ನು ಪತ್ರಿಕೆಗಳು ‘ಚುನಾವಣಾ ಚಾಣಕ್ಯ’ ಎನ್ನುತ್ತವೆ, ಹಾಗೆ ಕರೆಸಿಕೊಂಡವರು ಬೇಸರಪಟ್ಟದ್ದಿಲ್ಲ. ಚಾಣಾಕ್ಷ ಎಂಬ ಮಾತನ್ನೂ ಈ ಹೆಸರಿನ ಜೊತೆ ಸೇರಿಸಿ ಹೇಳುವುದುಂಟು.

ಒಂದೇ ಬಗೆಯ ಎರಡು ಹೆಸರುಗಳಿಗೆ ಇಷ್ಟು ಬೇರೆ ಗತಿ ಯಾಕೆ? ಒಂದು ಕಾರಣ ದಾರಿಯದು. ಚಾಣಕ್ಯ ನಮಗೆ ಬಂದದ್ದು ಕಥೆಯ ಮೂಲಕ, ಗೆದ್ದ ಮಂತ್ರಿಯಾಗಿ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಅವನು ಶತ್ರುಪಕ್ಷದ ಮಂತ್ರಿಯ ಮುದ್ರೆಯುಂಗುರವನ್ನು ಬಳಸಿ ಸುಳ್ಳು ಪತ್ರ ಹುಟ್ಟಿಸುತ್ತಾನೆ. ಕಥೆ ಮುಗಿಯುವಾಗ ಆ ಮಂತ್ರಿಯನ್ನೇ ಚಂದ್ರಗುಪ್ತನ ಬಳಿ ಕೂಡಿಸಿ ತಾನು ಪಕ್ಕಕ್ಕೆ ಸರಿಯುತ್ತಾನೆ. ಕೆಂಪುನಾರಾಯಣ 1823ರಲ್ಲಿ ಇದೇ ಕಥೆಯನ್ನು ಕನ್ನಡ ಗದ್ಯದಲ್ಲಿ ‘ಮುದ್ರಾಮಂಜೂಷ’ವಾಗಿ ಬರೆದ. ಇನ್ನೊಂದು ಕಾರಣ ಕೆಲಸದ ಹಂಚಿಕೆಯದು. ದುರ್ಗಸಿಂಹ 11ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಚತಂತ್ರದ ಲೋಕದಲ್ಲಿ ಸಿಂಹ ಅರಸು, ನರಿ ಮಂತ್ರಿ. ಎರಡೂ ಬೇರೆ ಬೇರೆ ಪ್ರಾಣಿಗಳು. ಕಪಟದ ಹೊಣೆ ಮಂತ್ರಿಯದು, ಅರಸನ ಮೈಗೆ ಕೆಸರು ಹತ್ತದು. ಮ್ಯಾಕಿಯವೆಲ್ಲಿ ಎರಡನ್ನೂ ಒಂದೇ ದೇಹದಲ್ಲಿ ಇಟ್ಟ. ಕಿರೀಟದ ಕೆಳಗೇ ನರಿ ಇದೆ ಎಂದ. ಯುರೋಪಿನ ದೊರೆಗಳಿಗೆ ಸಹಿಸಲಾಗದ್ದು ಅದು. ನಮ್ಮ ಪತ್ರಿಕೆಗಳೂ ಚಾಣಕ್ಯ ಎಂಬ ಬಿರುದನ್ನು ಹೆಚ್ಚಾಗಿ ಕೊಡುವುದು ತೆರೆಮರೆಯವನಿಗೆ, ಗದ್ದುಗೆಯ ಮೇಲಿನವನಿಗಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪದ ರಾಜಕೀಯವನ್ನೇ ಬಿಟ್ಟು ಹೊರಟಿತು. 1970ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಕ್ರಿಸ್ಟಿ ಮತ್ತು ಫ್ಲಾರೆನ್ಸ್ ಗೈಸ್ ಇಪ್ಪತ್ತು ಹೇಳಿಕೆಗಳ ಒಂದು ಅಳತೆಗೋಲನ್ನು ಪ್ರಕಟಿಸಿದರು. ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಗುರುತು ಹಾಕುತ್ತಾ ಹೋದರೆ ನಿಮ್ಮ ‘ಮ್ಯಾಕ್’ ಎಷ್ಟೆಂದು ತಿಳಿಯುತ್ತದೆ. 2002ರ ಹೊತ್ತಿಗೆ ಅದು ಆತ್ಮರತಿ ಮತ್ತು ಮನೋವಿಕೃತಿಗಳ ಜೊತೆ ಸೇರಿ ಮೂರು ಕರಾಳ ಗುಣಗಳಲ್ಲಿ ಒಂದಾಯಿತು. ಪದ ಮನುಷ್ಯರಲ್ಲೇ ನಿಲ್ಲಲಿಲ್ಲ. ಫ್ರಾನ್ಸ್ ದ ವಾಲ್ 1982ರ ಪುಸ್ತಕದಲ್ಲಿ ಹಾಲೆಂಡಿನ ಆರ್ನೆಮ್ ಮೃಗಾಲಯದ ಚಿಂಪಾಂಜಿಗಳ ಅಧಿಕಾರದಾಟವನ್ನು ಮ್ಯಾಕಿಯವೆಲ್ಲಿಯ ಬೆಳಕಿನಲ್ಲಿ ವಿವರಿಸಿದ. ಪಟ್ಟ ಕಳೆದುಕೊಂಡ ಮುದಿ ಗಂಡು ಒಂದು ಎಳೆಯ ಗಂಡಿನ ಬೆನ್ನಿಗೆ ನಿಂತು, ತನ್ನನ್ನು ಇಳಿಸಿದವನನ್ನು ಇಳಿಸಿ, ತೆರೆಮರೆಯಲ್ಲಿ ಬೇಕಾದ್ದು ಪಡೆದುಕೊಂಡ ಕಥೆ ಅದು. 1988ರಲ್ಲಿ ರಿಚರ್ಡ್ ಬರ್ನ್ ಮತ್ತು ಆಂಡ್ರ್ಯೂ ವೈಟನ್ ‘ಮ್ಯಾಕಿಯವೆಲ್ಲಿಯನ್ ಬುದ್ಧಿ’ ಎಂಬುದನ್ನೇ ಪುಸ್ತಕದ ಹೆಸರು ಮಾಡಿದರು. ಗುಂಪಿನಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಆಟವೇ ವಾನರರ ಮಿದುಳನ್ನು ಬೆಳೆಸಿತು ಎಂಬ ಊಹೆಗೆ ಅದು ಹೆಸರು. ಇಲ್ಲಿ ಒಂದು ಬದಲಾವಣೆ ಗಮನಿಸಬೇಕು. ಮನಶ್ಶಾಸ್ತ್ರದಲ್ಲಿ ಪದ ಹಳೆಯ ಬೈಗುಳವಾಗಿಯೇ ಉಳಿದರೆ, ಪ್ರಾಣಿಶಾಸ್ತ್ರದಲ್ಲಿ ಅದರ ಕಹಿ ಇಳಿಯಿತು. ವಾನರ ಏನು ಮಾಡುತ್ತದೆ ಎಂದು ಬರೆದವನನ್ನು ಯಾರೂ ವಾನರ ಎನ್ನುವುದಿಲ್ಲ. ಮ್ಯಾಕಿಯವೆಲ್ಲಿಗೆ ಸಿಗದ ಆ ರಿಯಾಯಿತಿ ಅವನ ಹೆಸರು ಹೊತ್ತ ಶಾಸ್ತ್ರಜ್ಞರಿಗೆ ಸಿಕ್ಕಿತು.

ಅವನನ್ನು ಸಂತನನ್ನಾಗಿ ಮಾಡಬೇಕಿಲ್ಲ. ‘ಡಿಸ್ಕೋರ್ಸಿ’ ಎಂಬ ದೊಡ್ಡ ಗ್ರಂಥದಲ್ಲಿ, ಕೆಳಗಿನಿಂದ ಮೇಲೇರಿದವರು ಬಲಕ್ಕಿಂತ ವಂಚನೆಯಿಂದಲೇ ಏರಿದ್ದು ಹೆಚ್ಚು ಎಂದು ಅವನು ಬರೆದದ್ದು ನಿಜ. ರೋಮಿನ ಗಣರಾಜ್ಯವೂ ಮಿತ್ರರಾಜ್ಯಗಳನ್ನು ಹಾಗೆಯೇ ಅಧೀನ ಮಾಡಿಕೊಂಡಿತೆಂದು ತೋರಿಸಿದ್ದೂ ನಿಜ. ಕೊಟ್ಟ ಮಾತನ್ನು ಬೇಕಾದಾಗ ಮುರಿಯಬಹುದೆಂದು ಅರಸನಿಗೆ ಹೇಳಿದ್ದೂ ಅವನೇ. ಆದರೆ ಈ ಪಾಠದ ಮೊದಲ ಷರತ್ತು, ಕಪಟ ಕಾಣಬಾರದು. ಆ ಲೆಕ್ಕದಲ್ಲಿ ಮ್ಯಾಕಿಯವೆಲ್ಲಿಯನ್ ಎಂದು ಕರೆಸಿಕೊಂಡ ರಾಜಕಾರಣಿ ಅವನ ಪರೀಕ್ಷೆಯಲ್ಲಿ ಅನುತ್ತೀರ್ಣ, ಸಿಕ್ಕಿಬಿದ್ದಿದ್ದಾನೆ. ತೇರ್ಗಡೆಯಾದವರು ಫರ್ಡಿನೆಂಡನ ಹಾಗೆ ಧರ್ಮದ ಬಿರುದು ಹೊತ್ತು, ಫ್ರೆಡರಿಕನ ಹಾಗೆ ಖಂಡನಾ ಗ್ರಂಥ ಬರೆದು ಕೂತಿರುತ್ತಾರೆ. ಜಾಂತಿಯೆಯಿಂದ ಇಂದಿನವರೆಗೆ ಈ ಪದವನ್ನು ಎದುರಾಳಿಯ ಮೇಲೆ ಎಸೆದವರೆಲ್ಲ ಒಂದು ಮಾತನ್ನು ಹೇಳದೆಯೇ ಹೇಳಿದ್ದಾರೆ, ತಮ್ಮಲ್ಲಿ ಅದಿಲ್ಲ ಎಂದು. ಹಾಗಾಗಿ ಈ ಪದ ಕಿವಿಗೆ ಬಿದ್ದಾಗ ಅದು ಯಾರ ಮೇಲೆ ಬಿತ್ತು ಎಂಬುದರ ಜೊತೆಗೆ ಯಾರ ಬಾಯಿಂದ ಬಂತು ಎಂಬುದನ್ನೂ ನೋಡಬೇಕು. ಅಧಿಕಾರ ಹೇಗೆ ಬರುತ್ತದೆಂದು ಬರೆದವನ ಹೆಸರನ್ನು ಬೈಗುಳವಾಗಿ ಉಳಿಸಿಕೊಂಡರೆ, ಅಧಿಕಾರದಲ್ಲಿರುವವರಿಗೆ ಅದರಿಂದ ನಷ್ಟವೇನೂ ಇಲ್ಲ.